ಪೊರಕೆಯನ್ನು ಹೊಗಳುವವರಿಗೆ

(ವಿದ್ಯಾರ್ಥಿ ನಿಲಯದ ಗೆಳೆಯರು ನಡೆಸಿದ ವಿಚಾರ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಹಾಸ್ಟೆಲ್ ಅರ್ಜಿಯಲ್ಲಿ ‘ತಂದೆ ತಾಯಿಯ ಉದ್ಯೋಗ’ ಅಂತ ಒಂದು ಸಾಲು ಇರುತ್ತದೆ. ಆ ಸಾಲಿನ ಮುಂದೆ ನಮ್ಮಲ್ಲಿ ಎಷ್ಟು ಜನ ನಿಜ ಬರೆದಿದ್ದೇವೆ? ‘ಕೂಲಿ’ ಅಂತ ಬರೆದಿದ್ದೇವೆ. ‘ನಗರಸಭೆ ನೌಕರ’ ಅಂತ ಬರೆದಿದ್ದೇವೆ. ‘ಬೀದಿ ಗುಡಿಸುತ್ತಾರೆ’, ‘ಕಕ್ಕಸು ತೊಳೆಯುತ್ತಾರೆ’ ಅಂತ ಬರೆದವರು ಕಡಿಮೆ. ಕಾಲೇಜಿಗೆ ಹೋಗುವ ದಾರೀಲಿ ಅವ್ವ ಪೊರಕೆ ಹಿಡಿದು ನಿಂತಿರೋದು ಕಂಡರೆ, ಜೊತೆಯವರಿಗೆ ಗೊತ್ತಾಗದ ಹಾಗೆ ಇನ್ನೊಂದು ರಸ್ತೆಗೆ ತಿರುಗಿದ್ದೇವೆ. ಅವ್ವನೂ ಅಷ್ಟೆ. ಮಗನ ಮರ್ಯಾದೆ ಹೋದೀತು ಅಂತ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಾಳೆ. ಹೆತ್ತವಳಿಗೂ ಮಕ್ಕಳಿಗೂ ನಡುವೆ ಈ ನಾಚಿಕೆಯನ್ನು ತಂದಿಟ್ಟವರು ಯಾರು? ಇವತ್ತು ಅದನ್ನೇ ಮಾತಾಡೋಣ.

ಶಿಬಿರದ ಗೆಳೆಯರು ನಮಗೆ ಕೊಟ್ಟ ವಿಷಯ ‘ಶುಚಿ ಕೆಲಸದ ಘನತೆ’. ಈ ಮಾತು ಕೇಳಿದ ಕೂಡಲೆ ನಮಗೆ ಅನುಮಾನ ಹುಟ್ಟುತ್ತದೆ. ಯಾಕೆಂದರೆ ಪೊರಕೆಯನ್ನು ಹೊಗಳುವವರ ಕೈಯಲ್ಲಿ ಪೊರಕೆ ಇರುವುದನ್ನು ನಾವು ಫೋಟೋದಲ್ಲಿ ಮಾತ್ರ ನೋಡಿದ್ದೇವೆ. 2019ರ ಕುಂಭಮೇಳದಲ್ಲಿ ದೇಶದ ಪ್ರಧಾನಿಯವರು ಸಫಾಯಿ ಕರ್ಮಚಾರಿಗಳ ಪಾದ ತೊಳೆದರು. 2020ರ ಕೊರೋನಾ ಕಾಲದಲ್ಲಿ ಪೌರಕಾರ್ಮಿಕರಿಗೆ ಹೂಮಳೆ ಸುರಿಸಿದರು, ಹಾರ ಹಾಕಿದರು. ಅದೇ ಮನೆಗಳ ಮುಂದೆ ನಮ್ಮ ಅವ್ವಂದಿರು ಕುಡಿಯಲು ನೀರು ಕೇಳಿದಾಗ ನೀರು ಬಂದದ್ದು ಮೇಲಿಂದ, ಬೊಗಸೆಗೆ. ಚೊಂಬು ಕೈಗೆ ಬರಲಿಲ್ಲ. ಕಾಲು ತೊಳೆಯುವುದು ಸುಲಭ, ಗೆಳೆಯರೆ. ಕೈಗವಸು ಕೊಡುವುದು ಕಷ್ಟ, ಸಂಬಳ ತಿಂಗಳಿಗೆ ಸರಿಯಾಗಿ ಕೊಡುವುದು ಇನ್ನೂ ಕಷ್ಟ, ಪಕ್ಕದಲ್ಲಿ ಕೂತು ಉಣ್ಣುವುದು ಎಲ್ಲಕ್ಕಿಂತ ಕಷ್ಟ.

ಈ ಹೊಗಳಿಕೆ ಹೊಸದಲ್ಲ. ಗಾಂಧೀಜಿ 1936ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿಯ ಬಗ್ಗೆ ಬರೆದರು. ತಾಯಿ ಕೂಸಿಗೆ ಮಾಡುವುದನ್ನೇ ಭಂಗಿ ಸಮಾಜಕ್ಕೆ ಮಾಡುತ್ತಾನೆ ಎಂಬ ಅರ್ಥದ ಹೋಲಿಕೆ ಕೊಟ್ಟರು. ಅವರು ತಮ್ಮ ಕೈಯಾರೆ ಕಕ್ಕಸು ತೊಳೆದವರು, ಅದನ್ನು ನಾವು ಮರೆಯುವುದಿಲ್ಲ. ಆದರೂ ಒಂದು ಪ್ರಶ್ನೆ ಕೇಳಬೇಕು. ತಾಯಿ ಕೂಸಿನ ಮಲ ಬಳಿಯುತ್ತಾಳೆ, ನಿಜ. ಆದರೆ ಕೂಸು ದೊಡ್ಡದಾಗುತ್ತದೆ, ತನ್ನ ಅಂಡು ತಾನೇ ತೊಳೆದುಕೊಳ್ಳುವುದನ್ನು ಕಲಿಯುತ್ತದೆ. ಈ ಸಮಾಜ ಎಂಬ ಕೂಸು ಎರಡು ಸಾವಿರ ವರ್ಷವಾದರೂ ದೊಡ್ಡದಾಗಲಿಲ್ಲವೆ? ಕೂಸಿನ ಮಲ ತೆಗೆದ ತಾಯಿಯನ್ನು ಯಾರಾದರೂ ಊರ ಹೊರಗೆ ಇಡುತ್ತಾರೆಯೆ?

ಬಾಬಾಸಾಹೇಬರು ಈ ಹೊಗಳಿಕೆಯ ಬಣ್ಣ ಬಯಲು ಮಾಡಿದರು. ಅವರು 1935ರಲ್ಲಿ ಮುಂಬಯಿಯ ಪಾಲಿಕೆ ಕಾರ್ಮಿಕರ ಸಂಘ ಕಟ್ಟಿದವರು. ಜಾತಿ ಎನ್ನುವುದು ಕೆಲಸವನ್ನು ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಹಂಚುತ್ತದೆ ಎಂದು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿಕೊಟ್ಟರು. ಮಲ ಎತ್ತುವುದು ಶ್ರೇಷ್ಠ ಕೆಲಸ ಅಂತ ಎತ್ತುವವನಿಗೆ ಮಾತ್ರ ಬೋಧಿಸುವುದು ಕ್ರೂರವಾದ ತಮಾಷೆ ಎಂಬುದು ಅವರ ನಿಲುವು. ಇನ್ನೊಂದನ್ನೂ ಅವರು ಎತ್ತಿ ತೋರಿಸಿದರು. 1911ರ ಪಂಜಾಬ್ ಪುರಸಭಾ ಕಾಯ್ದೆ, 1916ರ ಸಂಯುಕ್ತ ಪ್ರಾಂತ್ಯದ ಪುರಸಭಾ ಕಾಯ್ದೆ, ಇವುಗಳಲ್ಲಿ ವಾಡಿಕೆಯಿಂದ ಮನೆ ಮಲ ತೆಗೆಯುವವನು ಆ ಕೆಲಸ ಬಿಟ್ಟರೆ ಅದು ಅಪರಾಧ. ಅಂದರೆ ಶ್ರೇಷ್ಠ ಕೆಲಸ, ಆದರೆ ‘ಒಲ್ಲೆ’ ಅಂದರೆ ದಂಡ! ಒಲ್ಲೆ ಅನ್ನಲು ಬಾರದ ಕೆಲಸದಲ್ಲಿ ಘನತೆ ಎಲ್ಲಿಂದ ಬಂತು?

ಇದೇ ನಮ್ಮ ಮಾತಿನ ತಿರುಳು. ಬೇಡ ಅನ್ನುವ ಹಕ್ಕು ಇದ್ದವನಿಗೆ ಮಾತ್ರ ಕೆಲಸದಲ್ಲಿ ಘನತೆ.

ನಮ್ಮ ನಾಡಿನಲ್ಲಿ ಕಾಯಕದ ಮಾತು ಬಹಳ ನಡೆಯುತ್ತದೆ. ಕಲ್ಯಾಣದ ಶರಣೆ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳು, ವಚನ ಬರೆದವಳು. ಅಲ್ಲಿ ಗುಡಿಸುವವಳಿಗೂ ಮಾತಾಡುವ ಜಾಗ ಇತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಏನಾಯಿತು ಅಂತ ನಿಮಗೆ ಗೊತ್ತು. ಕಾಯಕವನ್ನು ಹೊಗಳುವ ತನಕ ಯಾರಿಗೂ ತೊಂದರೆ ಇರಲಿಲ್ಲ. ಕಾಯಕದವನ ಜೊತೆ ನೆಂಟಸ್ತನ ಬೆಳೆದಾಗ ಆನೆ ಕಾಲು ಬಂತು. ಇವತ್ತಿಗೂ ಅಳತೆಗೋಲು ಅದೇ.

ಹಾಗಾದರೆ ಈ ಕೆಲಸದಲ್ಲಿ ಏನೂ ಇಲ್ಲವೆ? ಅದು ಬರೀ ಹೊಲಸೆ? ಇಲ್ಲ, ಗೆಳೆಯರೆ. ಹಾಗಂದರೆ ನಾವು ಹೆತ್ತವರಿಗೆ ದ್ರೋಹ ಮಾಡಿದ ಹಾಗೆ.

ನಮ್ಮ ಅವ್ವಂದಿರ ಕೆಲಸವನ್ನು ಒಂದು ದಿನವಾದರೂ ನಿಂತು ನೋಡಿ. ಕೋಳಿ ಕೂಗೋ ಹೊತ್ತಿಗೆ ಎದ್ದು, ಹೊತ್ತು ಮೂಡುವ ಮೊದಲೇ ಹಾಜರಿಗೆ ನಿಲ್ಲುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿ ಗುಡಿಸುತ್ತಾರೆ, ಇಲ್ಲದಿದ್ದರೆ ಗುಡಿಸಿದ್ದೆಲ್ಲ ವಾಪಸು ಮುಖಕ್ಕೆ. ತೆಂಗಿನ ಕಡ್ಡಿ ಪೊರಕೆಗೆ ಉದ್ದನೆಯ ಕೋಲು ಕಟ್ಟುವುದು ಸೊಂಟ ಉಳಿಸಿಕೊಳ್ಳುವುದಕ್ಕೆ. ಚೀಲ ಎತ್ತುವಾಗ ಕೆಳಗಿನಿಂದ ಹಿಡಿಯೋಲ್ಲ, ಒಳಗೆ ಒಡೆದ ಬಾಟಲಿ ಇದ್ದೀತು, ಸೂಜಿ ಇದ್ದೀತು. ಮ್ಯಾನ್‌ಹೋಲಿಗೆ ಬಿದಿರ ದಬ್ಬೆ ತೂರಿಸಿ ಕಟ್ಟಿಕೊಂಡದ್ದು ಎಲ್ಲಿ ಅಂತ ಕೈಯ ನಡುಕದಲ್ಲೇ ಹೇಳುವ ಹಿರಿಯರಿದ್ದಾರೆ. ಇದು ವಿದ್ಯೆ ಅಲ್ಲವೆ? ಈ ವಿದ್ಯೆಗೆ ಯಾವ ವಿಶ್ವವಿದ್ಯಾನಿಲಯ ಪದವಿ ಕೊಟ್ಟಿದೆ? ಒಂದು ವಾರ ಇವರು ಕೈ ಕಟ್ಟಿ ಕೂತರೆ ಊರಿಗೆ ಊರೇ ಕಾಯಿಲೆ ಬೀಳುತ್ತದೆ. ಮೈಸೂರು 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಅಂತ ಹೆಸರು ಪಡೆಯಿತು. ಆ ಹೆಸರು ಬಂದದ್ದು ಅರಮನೆಯ ದೀಪದಿಂದಲ್ಲ, ಕತ್ತಲಲ್ಲಿ ಎದ್ದು ಬಂದ ಹೆಣ್ಣುಮಕ್ಕಳ ರಟ್ಟೆಯಿಂದ.

ಆದ್ದರಿಂದ ಕೆಲಸಕ್ಕೆ ಅರ್ಥ ಇದೆ. ಅವಮಾನ ಇರೋದು ಅದು ಯಾರ ತಲೆಗೆ ಹುಟ್ಟಿನಿಂದ ಅಂಟಿದೆ ಎಂಬುದರಲ್ಲಿ.

ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದ ಮೊದಲಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಸಾಹಿತ್ಯವನ್ನು ಬೂಸಾ ಅಂದದ್ದಕ್ಕೆ ನಾಡೆಲ್ಲ ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋಯಿತು, ನಮ್ಮ ಹಾಸ್ಟೆಲುಗಳ ಹುಡುಗರು ಏಟು ತಿಂದರು. ಒಂದು ಮಾತಿಗೆ ಬೀದಿಗಿಳಿದ ಜನ, ಅಷ್ಟು ಕಾಲ ತಲೆ ಮೇಲೆ ಮಲ ಹೊತ್ತು ಹೋಗುವವರನ್ನು ಕಂಡು ಬೀದಿಗಿಳಿದಿರಲಿಲ್ಲ. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 500 ಜನಕ್ಕೆ ಒಬ್ಬ ಕಾರ್ಮಿಕ ಇರಬೇಕು ಅಂದಿತು. ತೋಟಿ, ಜಾಡಮಾಲಿ ಅನ್ನಿಸಿಕೊಂಡವರು ‘ಪೌರಕಾರ್ಮಿಕ’ರಾದರು. ಹೆಸರು ಬದಲಾಯಿತು. ಕೇರಿ ಬದಲಾಗಲಿಲ್ಲ, ಗುತ್ತಿಗೆದಾರ ಬಂದ.

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಬಂಧುಗಳು ಎಷ್ಟೋ ವರ್ಷದಿಂದ ಬದುಕಿದ್ದ ಜಾಗದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಹಾಡಹಗಲಲ್ಲಿ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಅಲ್ಲಿಯ ತನಕ ಅವರು ಮಲ ಹೊರುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಥ ಕಾಯಿದೆ ಬಾಹಿರ ಕೆಲಸ ನಿಲ್ಲಿಸಲು 1993ರಲ್ಲೇ ಒಂದು ಕಾಯ್ದೆ ಬಂದಿತ್ತು. 2013ರಲ್ಲಿ ಇನ್ನೊಂದು ಬಂತು. ಗುಂಡಿಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತು. ಸಾವು ನಿಂತಿಲ್ಲ.

ಕಡಲಾಚೆಯ ಒಂದು ಮಾತು ಕೇಳಿ. 1968ರ ಫೆಬ್ರುವರಿ 1ರಂದು ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಮಳೆ ಬರುತ್ತಿತ್ತು. ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದ ಇಬ್ಬರು ಕಪ್ಪು ಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರು ಕೊರಳಿಗೆ ಹಾಕಿಕೊಂಡ ಫಲಕದಲ್ಲಿ ‘ನಮ್ಮ ಕೆಲಸ ಪವಿತ್ರ’ ಅಂತ ಇರಲಿಲ್ಲ. ‘ನಾನು ಮನುಷ್ಯ’ ಅಂತ ಇತ್ತು, ಅಷ್ಟೆ. ಅವರ ಬೆಂಬಲಕ್ಕೆ ಹೋದ ಮಾರ್ಟಿನ್ ಲೂಥರ್ ಕಿಂಗ್ ಅದೇ ಊರಿನಲ್ಲಿ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದರು. ಏಪ್ರಿಲ್ 16ಕ್ಕೆ ನಗರಾಡಳಿತ ಸಂಘವನ್ನು ಒಪ್ಪಿಕೊಂಡಿತು, ಕೂಲಿ ಹೆಚ್ಚಿಸಿತು. ನಮ್ಮಲ್ಲೂ 2022ರ ಜುಲೈಯಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ನೇಮಕದ ಪತ್ರ ಸಿಕ್ಕಿತು. ಹಾರ ಹಾಕಿಸಿಕೊಂಡು ಪಡೆದದ್ದಲ್ಲ ಅದು, ಕೂತು ಪಡೆದದ್ದು.

ಇನ್ನು ನಮ್ಮದೇ ಹಾಸ್ಟೆಲಿನಲ್ಲಿ ನಡೆದದ್ದನ್ನು ಹೇಳಬೇಕು. ಒಂದು ಹಾಸ್ಟೆಲಿನಲ್ಲಿ ನಾವಿದ್ದಾಗ ಕಕ್ಕಸಿನ ಗುಂಡಿ ತುಂಬಿ ಅಂಗಳಕ್ಕೆ ಹರಿಯಿತು. ವಾರ್ಡನ್ನರು ಒಬ್ಬ ಮುದುಕರನ್ನು ಕರೆಸಿದರು. 500 ರೂಪಾಯಿ, ಮೇಲೊಂದು ಕ್ವಾರ್ಟರು. ಅವರು ಅಂಗಿ ಬಿಚ್ಚಿ, ಬಕೀಟಿಗೆ ಹಗ್ಗ ಕಟ್ಟುತ್ತಿದ್ದರು. ನಾವೆಲ್ಲ ಮೂಗಿಗೆ ಕರ್ಚೀಫು ಹಿಡಿದು ಮಹಡಿಯಿಂದ ನೋಡುತ್ತಿದ್ದೆವು. ನಾವು ಯಾರು? ಅಂಥವರ ಮಕ್ಕಳು, ಮೊಮ್ಮಕ್ಕಳು.

ಆಗ ನಮ್ಮಲ್ಲೊಬ್ಬ ಕೆಳಗೆ ಓಡಿದ. “ತಾತ, ಇಳೀಬೇಡಿ” ಅಂದ.

“ನಮ್ಗೇನು ಹೊಸ್ದಾ ಬುಡಿ ಸ್ವಾಮಿ. ನಮ್ಮಪ್ಪ ಇಳೀತಿದ್ದ, ನಾನೂ ಇಳ್ದಿವ್ನಿ” ಅಂದರು.

ನಮ್ಮಜ್ಜನ ವಯಸ್ಸಿನವರು, ಪ್ಯಾಂಟು ಹಾಕಿದ ಹುಡುಗನನ್ನು ಸ್ವಾಮಿ ಅಂದರು. ಅವನು ಅಲ್ಲೇ ಕೂತುಬಿಟ್ಟ. “ತಾತ, ನಮ್ಮಪ್ಪನೂ ಇದೇ ಕೆಲ್ಸ ಮಾಡೋರು. ಗುಂಡಿ ಒಳಗೇ ಹೋದ್ರು” ಅಂದ. ಎರಡು ವರ್ಷ ಒಂದೇ ರೂಮಿನಲ್ಲಿ ಮಲಗಿದ್ದ ನಮಗೆ ಆ ಮಾತು ಅವತ್ತೇ ಗೊತ್ತಾದದ್ದು.

ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡು ಕಡಿಮೆ ಇದ್ದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗೇ ಸತ್ತು ವಾಸನೆ ತಿಳಿಯೋಲ್ಲ. ಮೊದಲು ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ವಿಜ್ಞಾನ ಓದುವ ಗೆಳೆಯನೊಬ್ಬ ಇದನ್ನು ಅಲ್ಲೇ ನಿಂತು ಹೇಳಿದ. ಮುದುಕರು ಹಗ್ಗ ಸುತ್ತಿಟ್ಟರು. “ಇಳಿಯಾಕಿಲ್ಲ ಸ್ವಾಮಿ” ಅಂತ ವಾರ್ಡನ್ನರಿಗೆ ಅಂದರು. ಆ ಮಾತು ಅವರ ಬಾಯಲ್ಲಿ ಬಂದಾಗ ಅವರ ಬೆನ್ನು ನೆಟ್ಟಗಾದದ್ದನ್ನು ನಾವು ಕಂಡೆವು.

ಎರಡು ದಿನ ನಾವೆಲ್ಲ ಬಯಲಿಗೆ ಹೋದೆವು. 2013ರ ಕಾಯ್ದೆಯಲ್ಲಿ ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸಿದವರಿಗೆ ಎರಡು ವರ್ಷದ ತನಕ ಜೈಲು ಇದೆ ಅಂತ ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ ಕೊಟ್ಟೆವು. ಮೂರನೆ ದಿನ ಸಕ್ಕಿಂಗ್ ಮಷೀನು ಬಂತು. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ನಾವು ಜೈಕಾರ ಹಾಕಿದೆವು.

ಸಂಜೆ ಮುದುಕರು ಗೇಟಿನ ಹತ್ತಿರ ನಿಂತಿದ್ದರು. “ನನ್ ಕೂಲಿ ಹೋಯ್ತಲ್ಲಪ್ಪ” ಅಂದರು.

ಗೆಳೆಯರೆ, ಈ ಮಾತು ನಮ್ಮ ಜೈಕಾರವನ್ನು ಬಾಯಲ್ಲೇ ನಿಲ್ಲಿಸಿತು. ರೂಮು ರೂಮಿಗೆ ಹೋಗಿ 500 ರೂಪಾಯಿ ಕೂಡಿಸಿ ಕೊಟ್ಟೆವು. ಅದು ಅವತ್ತಿನ ಊಟಕ್ಕಾಯಿತು, ನಾಳೆಗೆ? ಈ ಕೆಲಸ ಬಿಟ್ಟವರಿಗೆ 40 ಸಾವಿರ ರೂಪಾಯಿ ಒಂದು ಸಲದ ನೆರವು, ಬೇರೆ ಬದುಕಿಗೆ ದಾರಿ, ಅಂತ ಸರಕಾರದ ಯೋಜನೆ ಇದೆ. ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ ತಾತ ಅಂದರೆ, “ಯಾವ ಪಟ್ಟಿ?” ಅಂದರು. ಒಲ್ಲೆ ಅನ್ನುವ ಹಕ್ಕಿನ ಹಿಂದೆ ಅನ್ನ ಇರಬೇಕು. ಇಲ್ಲದಿದ್ದರೆ ಅದು ನಮ್ಮಂಥ ಓದಿದವರ ಭಾಷಣ.

ಆಮೇಲೆ ನಮ್ಮನ್ನೇ ನಾವು ನೋಡಿಕೊಂಡೆವು. ಹಾಸ್ಟೆಲಿನ ಕಕ್ಕಸು ತೊಳೆಯಲು ಬರುವ ಅಕ್ಕನನ್ನು ನಾವು ಕರೆಯುತ್ತಿದ್ದುದು ‘ಏಯ್’ ಅಂತ. ಅವಳ ಹೆಸರು ನಮಗೆ ಗೊತ್ತಿರಲಿಲ್ಲ. ನಮ್ಮ ಕಕ್ಕಸನ್ನು ಸರದಿ ಪ್ರಕಾರ ನಾವೇ ತೊಳೆಯೋಣ ಅಂತ ಮಾತು ಬಂದಾಗ ಒಬ್ಬ ಸಿಟ್ಟಾದ. “ನಮ್ಮವ್ವ ಇದನ್ನ ಬಿಡಿಸೋಕೆ ನನ್ನ ಓದಿಸ್ತಾ ಇದ್ದಾಳೆ. ಮತ್ತೆ ನನ್ ಕೈಗೇ ಪೊರಕೆ ಕೊಡ್ತೀರಾ?” ಅವನ ಮಾತಿನಲ್ಲಿ ನಿಜ ಇತ್ತು. ರಾತ್ರಿಯೆಲ್ಲ ಜಗಳ ಆಡಿದೆವು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ನಮ್ಮ ಹೊಲಸನ್ನು ನಾವು ತೊಳೆದುಕೊಳ್ಳುವುದು ಮನುಷ್ಯನ ಲಕ್ಷಣ. ಇನ್ನೊಬ್ಬನ ಹೊಲಸನ್ನು ಹುಟ್ಟಿದ ತಪ್ಪಿಗೆ ತೊಳೆಯುವುದು ಗುಲಾಮಗಿರಿ. ಮೊದಲನೆಯದನ್ನು ಎಲ್ಲ ಜಾತಿಯವರೂ ಮಾಡಲಿ, ಎರಡನೆಯದನ್ನು ಯಾರೂ ಮಾಡದಿರಲಿ. ಆದರೆ ಸರದಿ ಬಂತು ಅಂತ ಆ ಅಕ್ಕನ ಸಂಬಳಕ್ಕೆ ಕತ್ತರಿ ಬೀಳದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸ.

ನೀವು ನಿಮ್ಮ ನಿಮ್ಮ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ನಿಮ್ಮ ಊರಿನ ಪೌರಕಾರ್ಮಿಕರಿಗೆ ಕೈಗವಸು, ಬೂಟು, ತಿಂಗಳ ಸಂಬಳ ಸಿಗುತ್ತಿದೆಯೆ ಅಂತ ಕೇಳಿ ಬರೆದುಕೊಳ್ಳಿ. ಗುಂಡಿಗೆ ಇಳಿಯುವವರ ಹೆಸರು ಪಟ್ಟಿಗೆ ಸೇರಿಸಲು ಅರ್ಜಿ ಬರೆದುಕೊಡಿ. ನಾವು ಕಲಿತ ನಾಲ್ಕಕ್ಷರ ಇನ್ನು ಯಾತಕ್ಕೆ? ಮೂರನೆಯದು, ಮುಂದಿನ ಸಲ ಅವ್ವ ರಸ್ತೆಯಲ್ಲಿ ಕಂಡಾಗ ಇನ್ನೊಂದು ರಸ್ತೆಗೆ ತಿರುಗಬೇಡಿ. ಗೆಳೆಯರನ್ನು ಕರೆದುಕೊಂಡು ಹೋಗಿ, “ಇವಳು ನಮ್ಮವ್ವ” ಅಂತ ಹೇಳಿ.

ಅರ್ಜಿಯ ಆ ಸಾಲಿನಲ್ಲಿ ಇನ್ನು ನಿಜ ಬರೆಯೋಣ. ನಮ್ಮ ಮಕ್ಕಳು ಅದೇ ಸಾಲಿನಲ್ಲಿ ಅದೇ ಕೆಲಸವನ್ನು ಹುಟ್ಟಿನ ಹಣೆಬರಹ ಅಂತ ಬರೆಯದ ಹಾಗೆ ಮಾಡೋಣ.

ಜೈ ಭೀಮ್.