ಸೈಕಲ್ಲಿನ ಮೇಲಿಂದ ಕಂಡ ಸೀಮೆ

ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದು ಅನ್ನ ಉಂಡವನು ನಾನು. ಆದರೂ ಸೀಮೆಸುಣ್ಣದ್ದೇ ಬೆಟ್ಟಗಳು ಲೋಕದಲ್ಲಿವೆ ಎಂಬುದು ನನ್ನ ಮನಸ್ಸಿಗೆ ನಿಜವಾಗಿ ಇಳಿದದ್ದು ನಿವೃತ್ತನಾದ ಮೇಲೆ, ಇಂಗ್ಲೆಂಡಿನ ದಕ್ಷಿಣ ಭಾಗದ ಸೌತ್ ಡೌನ್ಸ್ ಗುಡ್ಡಗಳಲ್ಲಿ ಸೈಕಲ್ ತುಳಿಯುವವರ ವೃತ್ತಾಂತವೊಂದನ್ನು ಓದಿದಾಗ. ಸಮುದ್ರದ ಅತಿಸೂಕ್ಷ್ಮ ಜೀವಿಗಳ ಚಿಪ್ಪುಗಳು ಅನಂತಕಾಲ ತಳಕ್ಕಿಳಿದು ಕಟ್ಟಿದ ಬಿಳಿಯ ನೆಲವದು. ಅಲೆಯ ಹಾಗೆ ಏರಿಳಿಯುವ ಹಸುರು ದಿಬ್ಬಗಳು, ಬೇಲಿಗಳ ನಡುವಣ ಸದ್ದಿಲ್ಲದ ಓಣಿದಾರಿಗಳು. ಓದುತ್ತ ಓದುತ್ತ ನನಗೆ ಸಣ್ಣದೊಂದು ಮತ್ಸರ ಹುಟ್ಟಿತು. ಇಂಥದೇನೂ ನಮಗೆ ಇಲ್ಲವೆ ಎಂದು ಕೇಳಿಕೊಂಡೆ. ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿದ್ದ ಹಳೆಯ ಸೈಕಲ್ಲನ್ನು ಇಳಿಸಿ, ಎರಡು ಟಯರು ಬದಲಾಯಿಸಿ, ಚೈನಿಗೆ ಎಣ್ಣೆ ಹಾಕಿಸಿದೆ.

ಕೇಳುಗರೇ, ನಮ್ಮ ದಾವಣಗೆರೆ ಸೀಮೆಯಲ್ಲಿ ಸೀಮೆಸುಣ್ಣದ ಬೆಟ್ಟಗಳಿಲ್ಲ ನಿಜ. ಆದರೆ ಅಲ್ಲಿಯ ಬಿಳಿಯ ಕಲ್ಲಿಗೆ ಹತ್ತು ಕೋಟಿ ವರ್ಷದ ಒಳಗಿನ ವಯಸ್ಸು. ನಮ್ಮ ಧಾರವಾಡ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಮುದಿಯಾಗಿ ಸವೆದ ಬೆಟ್ಟಗಳಿಗೆ ಒಂದು ಸೌಜನ್ಯವಿರುತ್ತದೆ. ಅವು ಸೈಕಲ್ಲಿನವನನ್ನು ಕಾಡುತ್ತವೆ, ಆದರೆ ಹಿಂದಿರುಗಿಸಿ ಕಳುಹಿಸುವುದಿಲ್ಲ.

ಮೊದಲು ಚನ್ನಗಿರಿಯ ದಾರಿಯನ್ನು ಹೇಳುತ್ತೇನೆ. ಕೆಳದಿಯ ಚೆನ್ನಮ್ಮಾಜಿಯ ಹೆಸರು ಹೊತ್ತ ಊರು ಇದು. ನೆತ್ತಿಯ ಮೇಲೆ ಕೋಟೆ, ಸುತ್ತಲೂ ಅಡಿಕೆಯ ತೋಟ. ಬೆಳಗಿನ ಜಾವ ಹೊರಟರೆ ತೋಟದ ತಂಪು ಮುಖಕ್ಕೆ ಒದ್ದೆ ಬಟ್ಟೆಯಂತೆ ತಾಕುತ್ತದೆ. ಮುಂದೆ ಗುಡ್ಡಗಳ ಸಂದಿನಲ್ಲಿ ಇದ್ದಕ್ಕಿದ್ದಂತೆ ನೀರು ಕಾಣುತ್ತದೆ. ಅದು ಸೂಳೆಕೆರೆ, ಅರ್ಥಾತ್ ಶಾಂತಿಸಾಗರ. ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಇಷ್ಟು ದೊಡ್ಡ ಜಲರಾಶಿಯನ್ನು ನಿಲ್ಲಿಸಿದವರ ಕಣ್ಣಳತೆಗೆ ಕೈಮುಗಿಯಬೇಕು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಇಂದಿಗೂ ಇಲ್ಲಿಂದ ಹೊಲಗಳಿಗೆ ಹೋಗುತ್ತವೆ. ಕಾರಿನಲ್ಲಿ ಬಂದವನಿಗೆ ಇದು ಒಂದು ಕೆರೆ. ಸೈಕಲ್ಲಿನಲ್ಲಿ ಬಂದವನಿಗೆ ಬಿಟ್ಟರೂ ಬಿಡದ ಸಂಗಾತಿ. ಎಷ್ಟು ತುಳಿದರೂ ನೀರು ಪಕ್ಕದಲ್ಲೇ ಇರುತ್ತದೆ. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಹದಿನಾರನೆಯ ಶತಮಾನದ ಪುಷ್ಕರಣಿಯಿದೆ. ನೀರಿನ ನಡುವೆ ವಸಂತಮಂಟಪ, ಎದುರಿಗೆ ಮುಸಾಫಿರ್‌ಖಾನೆ. ದಾರಿಹೋಕರಿಗೆಂದು ಕಟ್ಟಿದ ಆ ಮನೆಯ ನೆರಳಿನಲ್ಲಿ ಸೈಕಲ್ಲನ್ನು ಒರಗಿಸಿ ಬುತ್ತಿ ಬಿಚ್ಚಿದಾಗ, ನಾನೂ ಹಳೆಯ ಅರ್ಥದಲ್ಲಿ ಒಬ್ಬ ದಾರಿಹೋಕನಾದೆನೆಂಬ ಹೆಮ್ಮೆ ನನಗಾಯಿತು.

ಜಗಳೂರಿನ ದಾರಿ ಇದಕ್ಕೆ ತದ್ವಿರುದ್ಧ. ನ್ಯಾಮತಿಯ ಕಡೆ ಮಲೆನಾಡಿನ ಅಂಚನ್ನು ಮುಟ್ಟಿಕೊಂಡು ಬರುವ ಮಳೆ ಇಲ್ಲಿಗೆ ಬರುವ ಹೊತ್ತಿಗೆ ಗಾಳಿ ಮಾತ್ರವಾಗಿ ಉಳಿದಿರುತ್ತದೆ. ಅಡಿಕೆ ಹೋಗಿ ಭತ್ತ, ಭತ್ತ ಹೋಗಿ ಮೆಕ್ಕೆಜೋಳ, ಅದೂ ತೆಳುವಾಗಿ ಶೇಂಗಾ. ಹೀಗೆ ಮಳೆಯ ಲೆಕ್ಕವನ್ನು ಬೆಳೆಗಳಲ್ಲೇ ಓದಿಕೊಂಡು ಸಾಗಬಹುದು. ಆಷಾಢದಲ್ಲಿ ಪಡುವಣ ಗಾಳಿ ಬೆನ್ನಿಗಿದ್ದರೆ ಜಗಳೂರಿಗೆ ಹೋಗುವುದು ಸುಖ, ಹಿಂದಿರುಗುವುದು ತಪಸ್ಸು. ಈ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವೆಂದು ಘೋಷಿಸಿದರು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿ ನನಗೆ ಕಂಡಿಲ್ಲ. ಕಾಡಿನ ಅಂಚಿನ ದಾರಿಯ ಮೌನ ಮಾತ್ರ ಕಂಡಿದೆ. ಬರಕ್ಕೆ ಹೆಸರಾದ ಈ ಸೀಮೆಗೆ ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ಎತ್ತಿ ತಂದು 57 ಕೆರೆಗಳನ್ನು ತುಂಬಿಸುವ ಯೋಜನೆ ಇತ್ತೀಚೆಗೆ ಕೈಗೂಡತೊಡಗಿದೆ. ಒಣಗಿದ ಕೆರೆಯಂಗಳವನ್ನು ಕಂಡಿದ್ದ ಕಣ್ಣಿಗೆ ಅದರಲ್ಲಿ ನೀರು ಕಾಣುವುದೆಂದರೆ ಏನೆಂದು ಆ ಊರಿನವರನ್ನೇ ಕೇಳಬೇಕು.

ಈ ಸೀಮೆಯ ದಾರಿಗಳಿಗೆ ತಮ್ಮವೇ ಆದ ಕಷ್ಟಗಳೂ ಉಂಟು. ಸುಗ್ಗಿಯಲ್ಲಿ ರಸ್ತೆಯೇ ಕಣ. ಒಣಗಹಾಕಿದ ಮೆಕ್ಕೆಜೋಳದ ಕಾಳಿನ ಮೇಲೆ ಗಾಲಿ ಜಾರಿದರೆ ವೇದಾಂತ ತಾನಾಗಿ ಬರುತ್ತದೆ. ಬದುವಿನ ಬಳ್ಳಾರಿ ಜಾಲಿಯ ಮುಳ್ಳು ಎಂಥ ಟಯರನ್ನೂ ಗೌರವಿಸುವುದಿಲ್ಲ. ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ 1888ರಲ್ಲಿ ಗಾಳಿ ತುಂಬುವ ಟಯರಿಗೆ ಹಕ್ಕುಪತ್ರ ಪಡೆದಾಗ ನಮ್ಮ ಜಾಲಿಯ ಮುಳ್ಳನ್ನು ಅವನು ನೋಡಿರಲಾರ. ಆದ್ದರಿಂದ ಪಂಪು, ತೇಪೆ, ಅಂಟು, ಒಂದು ಸ್ಪ್ಯಾನರು ಇಲ್ಲದೆ ನಾನು ಮನೆ ಬಿಡುವುದಿಲ್ಲ. ಈ ಅಭ್ಯಾಸ ನನಗೆ ಹೇಗೆ ಬಂತೆಂಬುದನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಹೊನ್ನಾಳಿಯಿಂದ ನ್ಯಾಮತಿಯ ಕಡೆಗಿನ ದಾರಿಗಳು ನನಗೆ ಎಲ್ಲಕ್ಕಿಂತ ಪ್ರಿಯವಾದವು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಪಕ್ಕದಲ್ಲಿ ಗಂಭೀರವಾಗಿ ಹರಿಯುತ್ತವೆ. ಹೊಳೆಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ನೆಲ ಮೆಲ್ಲಗೆ ಏಳುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ, ಗುಡ್ಡದ ಮೇಲಿನ ತೀರ್ಥರಾಮೇಶ್ವರ ಎಲ್ಲ ಈ ಕಡೆಗೇ. ನ್ಯಾಮತಿ ಈಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ನಾನು ಮುಖ್ಯೋಪಾಧ್ಯಾಯನಾಗಿದ್ದ ಪ್ರೌಢಶಾಲೆ ಈ ಪ್ರಾಂತದಲ್ಲಿಯೇ ಇತ್ತು.

ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಗಿ ಹಲವು ವರ್ಷ ನಡೆಯಿತು. ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳ ಹೊಳಪನ್ನು ನಾನು ಮರೆತಿಲ್ಲ. ಅವುಗಳಲ್ಲೊಂದನ್ನು ಪಡೆದ ಹುಡುಗಿ, ಲೆಕ್ಕದಲ್ಲಿ ಚುರುಕಾದವಳು, ಒಂಬತ್ತನೆಯ ತರಗತಿಯ ನಡುವೆ ಬರುವುದನ್ನು ನಿಲ್ಲಿಸಿದಳು. ಮನೆಗೆ ಒಂದು ಕಾಗದ ಕಳುಹಿಸಿದೆ. ಉತ್ತರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಓದಿನಲ್ಲಿ ಆಸಕ್ತಿಯಿಲ್ಲ, ಪೋಷಕರ ಉದಾಸೀನ ಎಂದು ಮೇಲಿನವರಿಗೆ ವರದಿಯನ್ನೂ ಬರೆದೆ. ಅವಳ ಊರು ಶಾಲೆಗೆ ಏಳು ಕಿಲೋಮೀಟರು. ನಾನು ಆ ದಾರಿಯಲ್ಲಿ ಎಂದೂ ಹೋಗಿರಲಿಲ್ಲ.

ನಿವೃತ್ತನಾದ ಮೂರನೆಯ ವರ್ಷ ಸೈಕಲ್ ನನ್ನನ್ನು ಅಲ್ಲಿಗೆ ಕರೆದೊಯ್ದಿತು. ಎರಡು ಕಡಿದಾದ ಏರು, ಜಲ್ಲಿಯೆದ್ದ ಹಾದಿ, ಇಕ್ಕೆಲದಲ್ಲೂ ಜಾಲಿ. ಮೂರನೆಯ ಕಿಲೋಮೀಟರಿನಲ್ಲಿ ನನ್ನ ಹಿಂದಿನ ಗಾಲಿ ಉಸಿರುಬಿಟ್ಟಿತು. ಗಾಳಿ ಹೊಡೆಸುವ ಅಂಗಡಿ ಆ ದಾರಿಯುದ್ದಕ್ಕೂ ಒಂದೂ ಇರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಬಿಸಿಲಿನಲ್ಲಿ ಊರು ಸೇರಿದಾಗ ಜಗಲಿಯ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ತಟ್ಟನೆ ಎದ್ದು ನಿಂತಳು. ಹಬ್ಬಕ್ಕೆಂದು ತವರಿಗೆ ಬಂದಿದ್ದ ಅವಳೇ.

ನೀರು ಕೊಟ್ಟಳು. ಕೇಳಬಾರದೆಂದುಕೊಂಡರೂ ಕೇಳಿದೆ: “ಯಾಕಮ್ಮ ಆವತ್ತು ಶಾಲೆ ಬಿಟ್ಟೆ?”

“ಟ್ಯೂಬ್ ಹೋಗಿತ್ತು ಸಾರ್, ಅಷ್ಟೇ. ಸಂತೆಗೆ ಹೋದಾಗ ತರ್ತೀನಿ ಅಂದಿದ್ದ ನಮ್ಮಪ್ಪ. ಅಷ್ಟ್ರಲ್ಲಿ ಮಳೆಗಾಲ ಬಂತು. ಆಮೇಲೆ ನೀವು ಹೆಸರು ಹೊಡ್ದಿರಿ ಅಂತ ಗೆಳತೀರು ಹೇಳಿದ್ರು.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ತಲೆಯೆತ್ತಿ ನೋಡಿದೆ. ಆ ಸೈಕಲ್ಲು ಜಂತಿಗೆ ತೂಗುಬಿದ್ದಿತ್ತು, ತುಕ್ಕು ಹಿಡಿದು.

ಕೇಳುಗರೇ, ಸರ್ಕಾರ ಸೈಕಲ್ಲು ಕೊಟ್ಟಿತ್ತು. ಅದರ ಜೊತೆಗೆ ಒಂದು ಪಂಪು ಬೇಕಾಗುತ್ತದೆ, ತೇಪೆ ಹಾಕುವುದನ್ನು ಹೆಣ್ಣುಮಕ್ಕಳಿಗೂ ಕಲಿಸಬೇಕಾಗುತ್ತದೆ ಎಂಬುದು, ಆ ದಾರಿಯನ್ನು ತುಳಿದಿದ್ದರೆ ನನಗೆ ಮೊದಲ ವಾರವೇ ತಿಳಿಯುತ್ತಿತ್ತು. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ, ಒಳ್ಳೆಯದೇ. ಆದರೆ ಬಸ್ಸೇ ಬಾರದ ದಾರಿಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಅಲ್ಲಿ ಇಂದಿಗೂ ಎರಡು ಗಾಲಿ, ಇಲ್ಲವೆ ಎರಡು ಕಾಲು.

ಅಂದಿನಿಂದ ನಾನು ಹೋದ ಕಡೆಯೆಲ್ಲ ಶಾಲೆಯೊಂದು ಕಂಡರೆ ಇಳಿಯುತ್ತೇನೆ. ಅನುಮತಿ ಸಿಕ್ಕರೆ ಅರ್ಧ ಗಂಟೆ ಮಕ್ಕಳನ್ನು ಕೂರಿಸಿಕೊಂಡು ಟ್ಯೂಬು ಬಿಚ್ಚುವುದು, ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಉಜ್ಜಿ ತೇಪೆ ಹಾಕುವುದು ಇಷ್ಟನ್ನು ಕಲಿಸುತ್ತೇನೆ. ಹೆಣ್ಣುಮಕ್ಕಳ ಬೆರಳುಗಳು ಈ ಕೆಲಸದಲ್ಲಿ ನನ್ನದಕ್ಕಿಂತ ಚುರುಕು. ಇದರಿಂದ ಆ ಹಾಜರಿ ಪುಸ್ತಕದ ಕೆಂಪು ಶಾಯಿ ಅಳಿಯುವುದಿಲ್ಲವೆಂದು ನನಗೆ ಗೊತ್ತು.

ನಿಮ್ಮಲ್ಲಿ ಯಾರಾದರೂ ಈ ಸೀಮೆಯ ಚೆಲುವನ್ನು ನೋಡಬಯಸಿದರೆ ಹೆದ್ದಾರಿಯನ್ನು ಬಿಟ್ಟು ಬನ್ನಿ. ಸೂರ್ಯ ಹುಟ್ಟುವ ಮೊದಲೇ ಹೊರಡಿ, ಗಾಳಿಯ ದಿಕ್ಕು ನೋಡಿಕೊಳ್ಳಿ, ಏರಿನಲ್ಲಿ ಇಳಿದು ತಳ್ಳಲು ನಾಚಬೇಡಿ. ಚೀಲದಲ್ಲಿ ಒಂದು ಪಂಪು ಇರಲಿ. ದಾರಿಯಲ್ಲಿ ಸಮವಸ್ತ್ರ ತೊಟ್ಟ ಮಗುವೊಂದು ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ಏನಾಯಿತೆಂದು ಕೇಳಿ.