ಮಲ್ಪೆಯ ಕಲ್ಲು, ಮಡಗಾಸ್ಕರದ ಕಲ್ಲು



ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಕಂಬಗಳಂತೆ ಸಾಲಾಗಿ ನಿಂತ ಕಲ್ಲುಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತೇವೆ. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಬಿರಿದ ಕಲ್ಲುಗಳು. ಹೆಚ್ಚುಕಡಿಮೆ ಅದೇ ವಯಸ್ಸಿನ ಲಾವಾ ಕಲ್ಲುಗಳು ಕಡಲಾಚೆ ಮಡಗಾಸ್ಕರದಲ್ಲೂ ಇವೆ. ಒಂದೇ ನೆಲವಾಗಿದ್ದ ಭಾರತ ಮತ್ತು ಮಡಗಾಸ್ಕರ ಬೇರ್ಪಟ್ಟ ಕಾಲದ ಗುರುತು ಇದು ಎನ್ನುತ್ತಾರೆ ಭೂವಿಜ್ಞಾನಿಗಳು.

ಖಂಡಗಳು ಹಿಂದೆ ಕೂಡಿದ್ದವೆಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ಗ್ಲಾಸೊಪ್ಟೆರಿಸ್ ಎಂಬ ಪುರಾತನ ಸಸ್ಯದ ಪಳೆಯುಳಿಕೆ ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾಗಳಲ್ಲೆಲ್ಲ ಸಿಕ್ಕಿತ್ತು, ನಿಜ. ಆದರೆ ಖಂಡವನ್ನು ಸರಿಸುವ ಶಕ್ತಿ ಯಾವುದು? ಅದಕ್ಕೆ ಅವರಲ್ಲಿ ತಕ್ಕ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡರು. ಸಾಗರಮಧ್ಯದ ಬೆಟ್ಟಸಾಲುಗಳಲ್ಲಿ ಹೊಸ ತಳ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆಂದು ಕಲ್ಲುಗಳ ಕಾಂತಗುಣದಿಂದ ತಿಳಿದದ್ದು 1960ರ ದಶಕದಲ್ಲಿ.

ಈಗ ಮೊಬೈಲಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಸೂರಃ ಅನ್ನಮ್ಲ್‌ನ 88ನೇ ಸೂಕ್ತದಲ್ಲಿ ಪರ್ವತಗಳು ಚಲಿಸುವುದೆಂದರೆ ಈ ಖಂಡಚಲನೆಯೇ ಎಂದು. ನಾವೂ ಒಮ್ಮೆ ಮಿಂಬರಿನಿಂದ ಹಾಗೆ ಹೇಳಿದ್ದುಂಟು. ಅದು ಅವಸರದ ಮಾತು. 87ನೇ ಸೂಕ್ತ ಕಹಳೆ ಊದುವ ದಿನದ್ದು. ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು 88ನ್ನೂ ಕಿಯಾಮತ್‌ನ ದೃಶ್ಯವೆಂದೇ ಓದಿದ್ದಾರೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ದು ಆ ಕಲ್ಲಿನ ಕತೆ ಹೇಳಿ. ಮಳೆಗಾಲವಾದರೆ ಅದು ಕಳೆಯಲಿ, ಆಗ ದೋಣಿಯಿರುವುದಿಲ್ಲ.