ನಿಮ್ಮ ಕೈಯಾರೆ ಒಂದು ಸುತ್ತಿಗೆ ಮಾಡಿ!

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾನು ಪಿಯುಸಿವರೆಗೆ ಓದಿದವನು. ಹೊಟ್ಟೆಪಾಡಿಗೆ ಪ್ರೆಸ್ ನಡೆಸುತ್ತೇನೆ. ಭಾನುವಾರ ಬಂದರೆ ಹಿತ್ತಲಲ್ಲಿ ಕುಲುಮೆ ಹಚ್ಚುತ್ತೇನೆ. ದೊಡ್ಡ ಭಾಷಣ ನನಗೆ ಬಾರದು. ನಿಮಗೆ ಹೇಳುವುದು ಒಂದೇ ಮಾತು: ನಿಮ್ಮ ಕೈಯಾರೆ ಒಂದು ಸುತ್ತಿಗೆ ಮಾಡಿ!

ನಗಬೇಡಿ. ಅಂಗಡಿಯಲ್ಲಿ ಸಿಗುವುದನ್ನು ಯಾಕೆ ಮಾಡಬೇಕು ಎನ್ನುತ್ತೀರಿ. ಉಳಿ, ಇಕ್ಕಳ, ಕುಡುಗೋಲು, ಬಾಗಿಲ ಚಿಲಕ ಎಲ್ಲವೂ ಸುತ್ತಿಗೆಯ ಏಟಿನಿಂದಲೇ ಹುಟ್ಟಿದವು. ಕಾಯಿಸುವುದು, ತೂತು ಹೊಡೆಯುವುದು, ಹದ ಕೊಡುವುದು, ಹಿಡಿ ಕೂರಿಸುವುದು, ಕಮ್ಮಾರಿಕೆಯ ಮುಖ್ಯ ಪಾಠಗಳೆಲ್ಲ ಈ ಒಂದು ವಸ್ತುವಿನಲ್ಲಿವೆ.

ಮೊದಲು ಲೋಹ. ಕಿಟಕಿ ಸರಳಿನ ಮೆದು ಕಬ್ಬಿಣ ಬೇಡ. ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ನೀರಿಗದ್ದಿದರೂ ಗಡಸಾಗದು. ಇಎನ್ 8 ಎಂಬ ಉಕ್ಕು ಕೇಳಿ. ಅದರಲ್ಲಿ ಇಂಗಾಲ ಸುಮಾರು ಶೇ. 0.4. 40 ಮಿ.ಮೀ. ಚೌಕದ, 80 ಮಿ.ಮೀ. ಉದ್ದದ ತುಂಡು ಹೆಚ್ಚುಕಡಿಮೆ 1 ಕೆ.ಜಿ. ತೂಗುತ್ತದೆ. ಹೊಸಬರ ತೋಳಿಗೆ ಅಷ್ಟು ಸಾಕು. ಅಡಿಗಲ್ಲಿಗೆ ಗುಜರಿಯ ದಪ್ಪ ಉಕ್ಕಿನ ಗಟ್ಟಿ ಆದೀತು. ಆದರೆ ರೈಲು ಕಂಬಿಯನ್ನು ಬಿಲ್ಲಿಲ್ಲದೆ ಕೊಳ್ಳಬೇಡಿ, ಕೇಸು ನಿಮ್ಮ ಮೇಲೆ ಬಿದ್ದೀತು!

ಇನ್ನು ಬೆಂಕಿ. ಉಕ್ಕು ಕಿತ್ತಳೆ ದಾಟಿ ಹಳದಿಗೆ ತಿರುಗುವ ತನಕ ತಿದಿ ಒತ್ತಿ. ಕಿಡಿ ಸಿಡಿಯತೊಡಗಿತೆಂದರೆ ಉಕ್ಕೇ ಸುಡುತ್ತಿದೆ ಎಂದರ್ಥ. ಕಾದ ತುಂಡಿನ ನಡುವೆ ಉದ್ದುದ್ದ ತೂತಿಗೆ ಉಳಿ ಇಟ್ಟು ಹೊಡೆಯಿರಿ. ಮೂರು ನಾಲ್ಕು ಏಟಿಗೊಮ್ಮೆ ಉಳಿಯನ್ನು ನೀರಿಗದ್ದಿ, ಇಲ್ಲವಾದರೆ ಅದೂ ಮೆತ್ತಗಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ಇಳಿದ ಮೇಲೆ ಮಗುಚಿ ಆ ಕಡೆಯಿಂದ ಹೊಡೆಯಿರಿ. ಬಣ್ಣ ಮಂಕು ಕೆಂಪಿಗೆ ಇಳಿಯಿತೋ, ಕೈ ನಿಲ್ಲಿಸಿ ಮತ್ತೆ ಕಾಯಿಸಿ. ಆರಿದ ಉಕ್ಕನ್ನು ಬಡಿದರೆ ಬಿರುಕು ಬಿಡುತ್ತದೆ. ತೂತಿನ ಎರಡು ಬಾಯಿ ಅಗಲ, ನಡು ಕಿರಿದು ಇರಲಿ. ಡಮರುಗದ ಆಕಾರ ಅನ್ನಿ. ಹಿಡಿ ಕಳಚದಂತೆ ಕಾಪಾಡುವುದು ಅದೇ.

ಮುಖವನ್ನು ಚಪ್ಪಟೆ ಮಾಡಬೇಡಿ. ತುಸು ಉಬ್ಬಿರಲಿ, ಅಂಚು ದುಂಡಗಿರಲಿ. ಚೂಪು ಅಂಚು ಪ್ರತಿ ಏಟಿಗೂ ಕೆಲಸದ ಮೇಲೆ ಗಾಯದ ಗುರುತು ಬಿಡುತ್ತದೆ.

ಹದ ಕೊಡುವುದೇ ನಿಜವಾದ ಪರೀಕ್ಷೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಕಾಯಿಸಿ ಮುಖವನ್ನು ನೀರಿಗದ್ದಿ. ಈಗ ಅದು ಗಾಜಿನಂತೆ ಗಡಸು, ಗಾಜಿನಂತೆಯೇ ಒಡಕು! ಆದ್ದರಿಂದ ಮುಖವನ್ನು ಉಜ್ಜಿ ಬೆಳ್ಳಗೆ ಮಾಡಿ, ಕೆಂಪಗೆ ಕಾದ ಸರಳನ್ನು ತೂತಿನಲ್ಲಿ ತೂರಿಸಿ ನೋಡುತ್ತಿರಿ. ಒಣಹುಲ್ಲಿನ ಬಣ್ಣ, ಹಿಂದೆಯೇ ಕಂದು, ಆಮೇಲೆ ನೇರಳೆ, ನೀಲಿ, ತೂತಿನಿಂದ ಮುಖದ ಕಡೆಗೆ ಹರಿದು ಬರುತ್ತವೆ. ಮುಖಕ್ಕೆ ಕಂದು ಮುಟ್ಟಿತೋ, ಸುಮಾರು 255 ಡಿಗ್ರಿ, ನೀರಿಗದ್ದಿ ನಿಲ್ಲಿಸಿ. ಮುಖ ಗಡಸು, ತೂತಿನ ಸುತ್ತ ಮೆದು. ಹೀಗಿದ್ದರೆ ಸುತ್ತಿಗೆ ಬಾಳುತ್ತದೆ.

ಹಿಡಿಗೆ ಚೆನ್ನಾಗಿ ಒಣಗಿದ ಗಟ್ಟಿ ಮರ. ಎಳೆ ತುದಿಯಿಂದ ತುದಿಗೆ ಓಡಿರಬೇಕು. ಮೇಲಿಂದ ಮರದ ಬೆಣೆ, ಅದಕ್ಕೆ ಅಡ್ಡಲಾಗಿ ಕಬ್ಬಿಣದ ಬೆಣೆ.

ಇನ್ನು ಕಿವಿಗೊಟ್ಟು ಕೇಳಿ. ಒಂದು ಸುತ್ತಿಗೆಯ ಮುಖಕ್ಕೆ ಇನ್ನೊಂದು ಸುತ್ತಿಗೆಯಿಂದ ಎಂದೂ ಹೊಡೆಯಬೇಡಿ. ಗಡಸು ಗಡಸಿಗೆ ಬಡಿದರೆ ಚೂರು ಗುಂಡಿನಂತೆ ಹಾರುತ್ತದೆ. ಕನ್ನಡಕ ಇಲ್ಲದೆ ಅಡಿಗಲ್ಲಿನ ಮುಂದೆ ನಿಲ್ಲಬೇಡಿ. ಕಣ್ಣು ಗುಜರಿಯಲ್ಲಿ ಸಿಗುವುದಿಲ್ಲ! ಹತ್ತಿ ಬಟ್ಟೆ ತೊಡಿ, ನೈಲಾನ್ ಕರಗಿ ಮೈಗಂಟುತ್ತದೆ. ಸತುವು ಬಳಿದ ಜಿ.ಐ. ಪೈಪನ್ನು ಬೆಂಕಿಗಿಡಬೇಡಿ, ಆ ಹೊಗೆಯಿಂದ ಚಳಿಜ್ವರ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ, ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಕೆಲಸ ಶುರುಮಾಡುವ ಮುನ್ನ ತಲೆ ಅಲ್ಲಾಡುತ್ತಿದೆಯೇ ನೋಡಿ. ಹಿಡಿಯನ್ನು ಜೀವ ಹೋಗುವಂತೆ ಅದುಮಬೇಡಿ, ತೂಕವೇ ಕೆಲಸ ಮಾಡಲಿ.

ಇದರಲ್ಲಿ ಕನ್ನಡ ಎಲ್ಲಿ ಬಂತು ಎನ್ನುತ್ತೀರಾ? 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಭಾರತದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಆ ಉಕ್ಕಿಗೆ ಅವರಿಟ್ಟ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣದ ಕುಲುಮೆಗಳನ್ನು ಕಂಡು ಬರೆದಿಟ್ಟ. ಮೈಕೆಲ್ ಫ್ಯಾರಡೆಯಂಥವನೂ ಈ ಉಕ್ಕಿನ ಗುಟ್ಟು ಹುಡುಕಿದ. ಹೆಸರಿಲ್ಲದ ನಮ್ಮ ಕಮ್ಮಾರರ ಕೈಗೆ ಸಂದ ಗೌರವ ಅದು!

ನನ್ನ ಕಸುಬಿನಲ್ಲಿ ಮೊಳೆ ಜೋಡಿಸುವ ಕೈಗಳು ಹೋದವು, ಅವರ ಜೊತೆ ಅವರಾಡುತ್ತಿದ್ದ ಮಾತುಗಳೂ ಹೋದವು.  ಕುಲುಮೆ, ತಿದಿ, ಅಡಿಗಲ್ಲು, ಬೆಣೆ, ಹದ... ಈ ಮಾತುಗಳು ನಿಘಂಟಿನಲ್ಲಿ ಮಲಗಿದ್ದರೆ ಸಾಲದು, ಕೈಯಲ್ಲಿ ಬದುಕಬೇಕು. ಕೆಲಸ ಸತ್ತರೆ ಮಾತು ಸಾಯುತ್ತದೆ.

ಆದ್ದರಿಂದ ನಿಮ್ಮ ಊರಿನಲ್ಲೋ ಪೇಟೆಯ ಅಂಚಿನಲ್ಲೋ ಇನ್ನೂ ಕುಲುಮೆ ಉರಿಸುವವರನ್ನು ಹುಡುಕಿ. "ಆಚಾರ್ರೇ, ಒಂದಿಷ್ಟು ಕಲಿಸಿಕೊಡ್ತೀರಾ?" ಎಂದು ಕೇಳಿ. ತಿದಿ ಒತ್ತಲು ನಿಲ್ಲಿ, ಬೂದಿ ಬಳಿಯಿರಿ, ಅವರ ಕೂಲಿ ಮುರಿಯಬೇಡಿ. ಅವರ ಬಾಯಿಂದ ಬಂದ ಪ್ರತಿ ಮಾತನ್ನೂ ಬರೆದಿಟ್ಟುಕೊಳ್ಳಿ.

ಮುಂದಿನ ಭಾನುವಾರವೇ ಹೊರಡಿ. ಬೆಂಕಿ ಯಾರಿಗೂ ಕಾಯುವುದಿಲ್ಲ!